ಸೂರಿನೊಳಗೆ ದೊಡ್ಡವ್ವನ ಪದ

ನಮ್ಮ ಭಾವನಿಗೆ ಆ ಹುಚ್ಚು ಹತ್ತಿದ್ದು ಬೆಳ್ಳೂರು ಕ್ರಾಸಿನ ಒಂದು ಹೋಟೆಲಿನಲ್ಲಿ. ಹಾಸನದ ಕಡೆ ಜಲ್ಲಿ ಲೋಡು ಇಳಿಸಿ ಬರುವಾಗ ಅಲ್ಲಿ ಊಟಕ್ಕೆ ಕೂತಿದ್ದರಂತೆ. ಎಲ್ಲಿಂದಲೋ ಹಾಡು ಬರುತ್ತಿದೆ. ರೇಡಿಯೋ ಇಲ್ಲ, ಟೇಪು ಇಲ್ಲ, ಗೋಡೆಯ ಮೇಲೆ ಪೆಟ್ಟಿಗೆಯೂ ಇಲ್ಲ. ತಲೆ ಎತ್ತಿ ನೋಡಿದರೆ ಬಿಳಿ ಸೀಲಿಂಗಿನಲ್ಲಿ ಜರಡಿಯಂಥ ದುಂಡನೆಯ ಬಿಲ್ಲೆಗಳು. ಹಾಡು ಅಲ್ಲಿಂದ ಉದುರುತ್ತಿತ್ತು. ಭಾವ ಮುದ್ದೆ ಮುರಿಯುವುದನ್ನೂ ಮರೆತು ಬಾಯಿ ಬಿಟ್ಟುಕೊಂಡು ಮೇಲೆ ನೋಡುತ್ತ ಕೂತಿದ್ದರೆಂದು ಅವರ ಲಾರಿ ಡ್ರೈವರೇ ಹೇಳಿಕೊಂಡು ನಕ್ಕ. ಚಿನಕುರಳಿಯ ನಮ್ಮ ಹೊಸ ಮನೆಗೆ ಆಗ ಗಾರೆ ಮುಗಿದಿತ್ತು. ಭಾವ ಊರಿಗೆ ಬಂದವರೇ, "ನಮ್ ಮನೇಲೂ ಸೂರಿಂದ್ಲೇ ಪದ ಬರ್ಬೇಕು" ಅಂದರು.

ಇದು ತೊಂಬತ್ತರ ದಶಕದ ಕೊನೆಯ ಮಾತು. ನಾನು ಕೆ.ಆರ್. ಪೇಟೆ ಕಡೆಯ ಶೀಳನೆರೆಯಿಂದ ಆ ಮನೆಗೆ ಕಿರಿಸೊಸೆಯಾಗಿ ಬಂದು ಕೆಲವು ವರ್ಷವಾಗಿತ್ತು. ಹಳೇ ತೊಟ್ಟಿಮನೆಯನ್ನು ಕೆಡವಿ ಅದೇ ಜಾಗದಲ್ಲಿ ಆರ್‌ಸಿಸಿ ಮನೆ ಎಬ್ಬಿಸಿದ್ದರು. ಅದು ಮುಗಿಯುವ ತನಕ ನಾವೆಲ್ಲ ಪಾಂಡವಪುರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಾವೆಲ್ಲ ಅಂದರೆ, ದೊಡ್ಡವ್ವ ಒಬ್ಬಳನ್ನು ಬಿಟ್ಟು.

ದೊಡ್ಡವ್ವ ನನ್ನ ಮಾವನ ಅಣ್ಣನ ಹೆಂಡತಿ. ನಾಗಮಂಗಲದ ಕಡೆಯವಳು. ಮದುವೆಯಾದ ಹೊಸದರಲ್ಲೇ ಗಂಡ ಹೋಗಿದ್ದ, ಮಕ್ಕಳಿರಲಿಲ್ಲ. ನನ್ನ ಭಾವನನ್ನು ಎತ್ತಿ ಆಡಿಸಿ, ಮುಕಳಿ ತೊಳೆದು, ತುತ್ತು ಕೊಟ್ಟು ಬೆಳೆಸಿದವಳು ಅವಳೇ. ಮನೆ ಕಟ್ಟುವಷ್ಟು ಕಾಲವೂ ಅವಳು ಪಕ್ಕದ ಕಾರ್ ಶೆಡ್ಡಿನಲ್ಲಿ ಸಿಮೆಂಟ್ ಮೂಟೆಗಳ ಜೊತೆ ಮಲಗಿದಳು. ಕಾವಲಿಗೆ ಆಳು ಸಿಗಲಿಲ್ಲ ಎಂದು ನಮ್ಮ ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಹುಡುಕಿದ್ದನ್ನು ನಾನಂತೂ ನೋಡಲಿಲ್ಲ. ಗೋಡೆಗೆ, ತಾರಸಿಗೆ ಹೊತ್ತು ಹೊತ್ತಿಗೆ ನೀರು ಹೊಡೆದವಳೂ ಅವಳೇ. ಮಂಡಿ ಹಿಡಿದುಕೊಂಡು, ಒಂದೊಂದು ಮೆಟ್ಟಿಲಿಗೂ ಒಬ್ಬೊಬ್ಬ ದೇವರನ್ನು ಬೈದುಕೊಂಡು ಹತ್ತುತ್ತಿದ್ದಳು.

ಅವಳು ಹಾಗೆ ಹತ್ತುತ್ತಿದ್ದುದಕ್ಕೆ ಒಂದು ಕಾರಣವಿತ್ತು. ಪಾಯ ತೆಗೆದ ದಿನ ಭಾವ ಸುಣ್ಣದ ಗೆರೆ ಎಳೆಸುತ್ತ, ಅಡುಗೆಮನೆಯ ಮಗ್ಗುಲಿಗೆ ಒಂದು ಸಣ್ಣ ಚೌಕ ತೋರಿಸಿ, "ದೊಡ್ಡವ್ವ, ಇದು ನಿನ್ ಕ್ವಾಣೆ. ಪಕ್ದಲ್ಲೇ ಕಕ್ಕಸು. ಇನ್ನು ಮಂಡಿ ಎಳ್ಕಂಡು ಕಬ್ಬಿನ್ ಗದ್ದೆಗೆ ಓಗೋದು ತಪ್ತು" ಅಂದಿದ್ದರು. ಅವತ್ತಿನಿಂದ ದೊಡ್ಡವ್ವನ ಬಾಯಲ್ಲಿ ಆ ಕೋಣೆಯೇ. ಹಾಲು ಹಾಕಲು ಡೈರಿಗೆ ಹೋದರೂ ಕೋಣೆ, ಹಿಟ್ಟಿನ ಮಿಲ್ಲಿಗೆ ಹೋದರೂ ಕೋಣೆ. ಮಳೆಗಾಲದಲ್ಲಿ ಗದ್ದೆ ಬದುವಿನ ಮೇಲೆ ಎರಡು ಸಲ ಜಾರಿ ಬಿದ್ದಿದ್ದ ಹೆಂಗಸಿಗೆ ಗೋಡೆಯ ಪಕ್ಕದಲ್ಲೇ ಕಕ್ಕಸು ಎಂದರೆ ಏನು ಅನ್ನುವುದು ಮಂಡಿ ಗಟ್ಟಿ ಇರುವವರಿಗೆ ಗೊತ್ತಾಗುವುದಿಲ್ಲ.

ದೊಡ್ಡವ್ವ ಸಾಧ್ವಿ ಏನಲ್ಲ. ನಾಲಿಗೆ ಕೆಟ್ಟದ್ದು. ನಾನು ಒಮ್ಮೆ ಪದ ಹೇಳಲು ಹೋದಾಗ ನೆಂಟರ ಎದುರಿಗೇ, "ಶೀಳ್ನೆರೆಲಿ ಕತ್ತೆಗಳ್ಗೂ ಇದೇ ರಾಗ ಏನವ್ವ?" ಅಂದಿದ್ದಳು. ನನಗೆ ಅವಳ ಮೇಲೆ ಪ್ರೀತಿ ಉಕ್ಕುತ್ತಿತ್ತು ಅಂದರೆ ಸುಳ್ಳಾಗುತ್ತದೆ. ಆದರೆ ಅವಳು ಬಾಯಿ ತೆಗೆದು ಪದ ಶುರು ಮಾಡಿದರೆ ಬೈಯುವವರೂ ಕೂತು ಕೇಳುತ್ತಿದ್ದರು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರಲ್ಲ, ದೊಡ್ಡವ್ವ ಆ ಮನೆಯಲ್ಲಿ ಬದುಕಿದ್ದು ಹಾಗೆ. ಮದುವೆ, ಒಸಗೆ, ಬಸುರಿ ಶಾಸ್ತ್ರ, ಹೊಸಮನೆ, ಯಾವುದಕ್ಕೂ ಅವಳ ಬಳಿ ಪದವಿತ್ತು. ಬೇರೆಯವರಿಗೆ ಅರ್ಧರ್ಧ ಬರುತ್ತಿತ್ತು.

ಆದರೆ ಸೋಬಾನೆ ಮುತ್ತೈದೆಯರ ಪದ. ಗಂಡ ಸತ್ತವಳು ಹಸೆಯ ಹತ್ತಿರ ಬರುವಂತಿಲ್ಲ. ಅದಕ್ಕೆ ನಮ್ಮ ಮನೆಯಲ್ಲಿ ಒಂದು ಉಪಾಯ ಮಾಡಿಕೊಂಡಿದ್ದರು. ಹಳೇ ಮನೆಯಲ್ಲಿ ದೇವರ ಗೋಡೆಯ ಹಿಂದೆ ಒಂದು ಕತ್ತಲೆ ಕೋಣೆ ಇತ್ತು, ಗೋಡೆಯಲ್ಲಿ ಒಂದು ಕಿಂಡಿ. ದೊಡ್ಡವ್ವ ಆ ಕೋಣೆಯಲ್ಲಿ ಕೂತು ಕಿಂಡಿಗೆ ಬಾಯಿ ಇಟ್ಟು ಪದ ಎತ್ತಿಕೊಡುವುದು, ಈಚೆ ಹಸೆಯ ಸುತ್ತ ಕೂತ ಮುತ್ತೈದೆಯರು ಅದೇ ಸಾಲನ್ನು ಹಿಡಿದು ಹೇಳುವುದು. ಮುಖ ಕಾಣುವ ಹಾಗಿಲ್ಲ, ದನಿ ಕೇಳಬಹುದು. ನನ್ನ ಮದುವೆಯ ಶಾಸ್ತ್ರವೂ ಹಾಗೇ ನಡೆದದ್ದು. ಗೋಡೆ ಹಾಡುತ್ತಿದೆ ಎಂದು ನಾನು ಹೆದರಿದ್ದೆ.

ಹೊಸ ಮನೆಗೆ ಮೈಸೂರಿನ ಕಡೆಯಿಂದ ಆಳುಗಳು ಬಂದು ಬಿಳಿ ಪ್ಲಾಸ್ಟರಿನ ಸೀಲಿಂಗು ಮಾಡಿದರು. ಹಾಲು, ಊಟದ ಮನೆ, ಅಡುಗೆಮನೆ, ಎಲ್ಲರ ರೂಮು, ಕೊನೆಗೆ ಹೊರಗಿನ ಪೋರ್ಟಿಕೋಗೂ ಹೂಬಳ್ಳಿಯ ಅಂಚು ಬಂತು. ಉಂಡ ಮನೆಯ ಜಂತೆ ಎಣಿಸಬಾರದು ಅನ್ನುತ್ತಾರೆ. ಭಾವನ ಮನೆಯಲ್ಲಿ ಎಣಿಸೋಣವೆಂದರೂ ಜಂತೆ ಕಾಣುತ್ತಿರಲಿಲ್ಲ. ದೊಡ್ಡವ್ವನ ಕೋಣೆಗೆ ಮಾತ್ರ ಸೀಲಿಂಗು ಇಲ್ಲ. "ಮುದುಕಿ ಮನೀಕಳೋ ಕ್ವಾಣೆಗೆ ಯಾಕ್ ಡಂಬಾಚಾರ" ಎಂದು ಅತ್ತೆ ಅಂದರು, ಭಾವ ತಲೆಯಾಡಿಸಿದರು. ದೊಡ್ಡವ್ವನಿಗೆ ಅದರಿಂದ ಬೇಜಾರೇನೂ ಆಗಲಿಲ್ಲ. ಬಾಗಿಲ ಹಿಂದೆ ಚೀಲ ನೇತುಹಾಕಲು ಒಂದು ಮೊಳೆ ಹೊಡೆಸಿಕೊಂಡು, ದಿನಾ ಹೋಗಿ ಆ ಮೊಳೆಯನ್ನು ಅಲ್ಲಾಡಿಸಿ ನೋಡಿ ಬರುತ್ತಿದ್ದಳು.

ಸೀಲಿಂಗು ಒಣಗಿದ ಮೇಲೆ ಸ್ಪೀಕರಿನವನು ಬಂದ. ಮೊದಲು ವೈರು ಎಳೆದು ಆಮೇಲೆ ಸೀಲಿಂಗು ಮುಚ್ಚಬೇಕೆಂಬ ಬುದ್ಧಿ ಯಾರಿಗೂ ಬಂದಿರಲಿಲ್ಲ. ಅವನು ಶ್ರೀರಂಗಪಟ್ಟಣದವನು. ಹೊಳೆದಂಡೆಯ ಛತ್ರಗಳಲ್ಲಿ ಮದುವೆಗೆ ಮೈಕ್ ಸೆಟ್ಟು, ಸೀರಿಯಲ್ ಲೈಟು ಹಾಕುವುದು ಕಸುಬು. ಕುತ್ತಿಗೆಗೆ ಕರ್ಚೀಫು ಕಟ್ಟಿಕೊಂಡು, ತಾನಿಲ್ಲದಿದ್ದರೆ ತಾಲ್ಲೂಕಿನಲ್ಲಿ ಒಂದು ತಾಳಿಯೂ ಕತ್ತು ಸೇರುತ್ತಿರಲಿಲ್ಲ ಅನ್ನುವ ಹಾಗೆ ಮಾತಾಡುತ್ತಿದ್ದ. ಸೀಲಿಂಗಿನಲ್ಲಿ ಸ್ಪೀಕರು ಕೂರಿಸುವುದು ಅವನಿಗೂ ಮೊದಲ ಸಲವೇ. ಅದನ್ನು ಹೇಳಿಕೊಳ್ಳಲಿಲ್ಲ.

"ಜೋಡಿ ಮ್ಯಾಲೆ ಆಕ್ಬೇಕಣ್ಣ. ಎರಡು ಅಂದ್ರೆ ಎರಡು, ನಾಕು ಅಂದ್ರೆ ನಾಕು" ಅಂದ.

ನಾಲ್ಕು ಅಂದದ್ದೇ ತಡ, ಅತ್ತೆ ಒಳಗಿಂದ ಬಂದರು. "ನಾಕು ಜನ ಒರೋದು ಎಣ ಕಣಪ್ಪ. ಒಸ ಮನೆಗೆ ನಾಕು ಬ್ಯಾಡ. ಐದು ಆಕು. ಐದು ಜನ ಮುತ್ತೈದೇರು ಅಂತಾರೆ."

"ಐದ್ನೇದಕ್ಕೆ ಜೋಡಿ ಇರಕಿಲ್ವಲ್ಲವ್ವ."

"ಜೋಡಿ ಇಲ್ದೋರು ಈ ಮನೇಲಿ ಇಲ್ವಾ? ಆಕಪ್ಪ ನೀನು" ಎಂದು ಅತ್ತೆ ನಕ್ಕರು. ನೆಲ ಗುಡಿಸುತ್ತಿದ್ದ ದೊಡ್ಡವ್ವ ಕೈ ನಿಲ್ಲಿಸಲಿಲ್ಲ. ಆ ಐದನೆಯದನ್ನು ಪೋರ್ಟಿಕೋದಲ್ಲಿ ಹಾಕುವುದೆಂದು ತೀರ್ಮಾನವಾಯಿತು.

ಮಾರನೆಯ ದಿನ ಅವನು ನಮ್ಮ ಊಟದ ತಟ್ಟೆಯನ್ನೇ ಸೀಲಿಂಗಿಗೆ ಒತ್ತಿಹಿಡಿದು ಪೆನ್ಸಿಲಿನಲ್ಲಿ ಗುಂಡಗೆ ಗೆರೆ ಎಳೆದ. ಸಣ್ಣ ಗರಗಸದಲ್ಲಿ ಕುಯ್ದ. ಬಿಳಿ ಪುಡಿ ಅವನ ಮೀಸೆಗೂ ಕೆಳಗಿದ್ದ ದೊಡ್ಡವ್ವನ ಸೆರಗಿಗೂ ಉದುರಿತು. ತೂತು ಏನೋ ಆಯಿತು, ವೈರು ಎಲ್ಲಿಂದ ಎಳೆಯುವುದು? ಸೀಲಿಂಗಿನ ಮೇಲಕ್ಕೆ ಕೈ ಹೋಗಬೇಕಾದರೆ ಎಲ್ಲಾದರೂ ಅದು ಬಿಚ್ಚಿರಬೇಕು. ಮನೆಯೆಲ್ಲ ಸುತ್ತಿ ನೋಡಿದ. ಸೀಲಿಂಗಿಲ್ಲದ ಜಾಗ ಅಡುಗೆಮನೆ ಮಗ್ಗುಲಿನ ಆ ಕೋಣೆಯೊಂದೇ. ಅಲ್ಲಿ ಗೋಡೆಯ ತಲೆಗೆ ಒಂದು ತೂತು ಹೊಡೆದರೆ ಹಾಲಿನ ಸೀಲಿಂಗಿನ ಬೆನ್ನು ಸಿಕ್ಕುತ್ತಿತ್ತು. ಹೊಡೆದ. ಎಲ್ಲ ವೈರುಗಳನ್ನೂ ಕೊಕ್ಕೆ ಹಾಕಿ ಎಳೆದು ಆ ತೂತಿನಿಂದ ಕೋಣೆಯೊಳಕ್ಕೆ ಇಳಿಬಿಟ್ಟ. ಆಂಪ್ಲಿಫೈಯರು, ಕ್ಯಾಸೆಟ್ಟಿನ ಡೆಕ್ಕು, ಸ್ಟೆಬಿಲೈಜರು ಮೂರನ್ನೂ ಅಲ್ಲೇ ಒಂದು ಮೇಜಿನ ಮೇಲೆ ಇಟ್ಟು, "ಇನ್ನೆಲ್ಲೂ ಇಡಾಕಾಗಲ್ಲ ಅಣ್ಣ. ಆಲ್ನಲ್ಲಿ ಇಟ್ರೆ ವೈರು ಕರ್ಳು ಈಚ್ಗೆ ಬಿದ್ದಂಗೆ ನೇತಾಡ್ತವೆ" ಅಂದ.

ದೊಡ್ಡವ್ವನ ಕೋಣೆಗೆ ಮೂರು ಚೀಲ ಪ್ಲಾಸ್ಟರು ಹಾಕಿಸಿದ್ದರೆ ಆ ಪೆಟ್ಟಿಗೆಗಳು ಅಲ್ಲಿಗೆ ಬರುತ್ತಿರಲಿಲ್ಲ. ನನಗೆ ಆ ದಿನ ಸಿಟ್ಟು ಬಂದದ್ದು ಅದಕ್ಕೇ. ದೊಡ್ಡವ್ವ ಮಾತ್ರ, "ಕ್ಯಲಸ ಮುಗುದ್ ಮ್ಯಾಲೆ ಎತ್ಕತಾನೆ ಬುಡು" ಎಂದು ಮೇಜಿನ ಪಕ್ಕ ಗೋಡೆಗೆ ಒರಗಿ ಕೂತುಕೊಂಡಳು. ಅದು ತನ್ನ ಜಾಗವೆಂದೇ ಅವಳ ಲೆಕ್ಕ.

ಹಾಗೆ ಕೂತದ್ದರಿಂದ ಆಮೇಲಿನದೆಲ್ಲ ಆಯಿತು. ಸ್ಪೀಕರಿನವನಿಗೆ ಪ್ರತಿಯೊಂದು ಬಿಲ್ಲೆಯ ಕೆಳಗೂ ನಿಂತು ಕೇಳಿಸಿಕೊಳ್ಳಬೇಕಾಗಿತ್ತು. ಕ್ಯಾಸೆಟ್ಟು ತರುವುದನ್ನು ಮರೆತು ಬಂದಿದ್ದ, ಮೈಕು ಇತ್ತು. ಕೋಣೆಯಲ್ಲಿ ಇದ್ದವಳು ದೊಡ್ಡವ್ವ ಒಬ್ಬಳೇ. ಮೈಕನ್ನು ಅವಳ ಕೈಗೆ ಕೊಟ್ಟು, "ಅವ್ವಾ, ನಾನು ಸಾಕು ಅನ್ನೋಗಂಟ ಇದ್ರಲ್ಲಿ ಏನಾರ ಮಾತಾಡ್ತಾ ಇರಿ" ಅಂದ.

"ನಾನೇನ್ ಮಾತಾಡ್ಲಪ್ಪ ಈ ಕೊಳಾಯಿ ಜೊತೆ?"

"ಪದ ಗಿದ ಬಂದ್ರೆ ಯೋಳಿ."

ಪದ ಬರುತ್ತದೆಯೇ ಎಂದು ಕೇಳಿದ್ದು ಅವಳನ್ನು! ನಾನು ಹಾಲಿನ ನೆಲಕ್ಕೆ ಬಿದ್ದ ಬಣ್ಣದ ಕಲೆ ಉಜ್ಜುತ್ತ ಕೂತಿದ್ದೆ. ತಲೆಯ ಮೇಲೆ ಒಮ್ಮೆ ಗೊರ್ ಅಂದಿತು, ಆಮೇಲೆ ದೊಡ್ಡವ್ವನ ದನಿ ಇಳಿಯಿತು. ಹಳೇ ಮನೆಯ ಕಿಂಡಿಯಿಂದ ಬರುತ್ತಿದ್ದ ದನಿ ಸಣ್ಣದು, ಅದುಮಿಟ್ಟದ್ದು. ಇದು ಮನೆ ತುಂಬಿಕೊಂಡು ಮೈಮೇಲೆ ಬಿತ್ತು. ಬಣ್ಣದವರು ಬ್ರಷ್ಷು ಇಟ್ಟು ನಿಂತರು. ರಸ್ತೆಯಲ್ಲಿ ಹುಲ್ಲಿನ ಹೊರೆ ಹೊತ್ತು ಹೋಗುತ್ತಿದ್ದ ಹೆಂಗಸರು ಪೋರ್ಟಿಕೋದ ಕೆಳಗೆ ಬಂದು ಹೊರೆ ಇಳಿಸದೆಯೇ ಕೇಳಿದರು. ಸ್ಪೀಕರಿನವನು ಸಾಕು ಅನ್ನುವುದನ್ನೇ ಮರೆತ.

ಪಾಂಡವಪುರದಿಂದ ಮಧ್ಯಾಹ್ನದ ಬುತ್ತಿ ಹಿಡಿದು ಅತ್ತೆ ಬಂದದ್ದು ಆ ಹೊತ್ತಿಗೆ. ಬುತ್ತಿಯನ್ನು ನೆಲಕ್ಕೆ ಕುಕ್ಕಿ ತಲೆ ಚಚ್ಚಿಕೊಂಡರು. "ಆಲು ಉಕ್ಕುಸೋಕ್ ಮುಂಚೆ ಮುಂಡೆ ದನಿ ತುಂಬುಸ್ಬುಟ್ರಲ್ಲೋ ಮನೆಗೆ! ಅಸ ಕರಾ ನುಗ್ಗುಸಿಲ್ಲ, ಗಂಗೆ ತಂದಿಲ್ಲ, ಇವ್ಳು ಕೂಗಿ ಎಲ್ಲಾ ಮೂಲೇಗೂ ನುಗ್ಗುದ್ಲು!"

ಸೂರಿನೊಳಗಿನ ದನಿ ಸಾಲಿನ ನಡುವೆ ನಿಂತಿತು. ಮೈಕು ಆಫ್ ಮಾಡುವುದು ಗೊತ್ತಿಲ್ಲದ್ದರಿಂದ ಅವಳ ಉಸಿರು ಮಾತ್ರ ಮನೆಯೆಲ್ಲ ಕೇಳುತ್ತಿತ್ತು. ಆಮೇಲೆ, "ಅವನೇ ಯೋಳು ಅಂದ ಕಣೆ" ಅಂದಳು. ಅದೂ ಐದು ಕಡೆಯಿಂದ ಕೇಳಿತು.

ಸಂಜೆಗೆ ಭಾವ ಪುರೋಹಿತರನ್ನು ಕರೆತಂದರು. ಪೇಟೆಯ ದೇವಸ್ಥಾನದವರು, ಮೇಷ್ಟರ ಕೆಲಸವನ್ನೂ ಮಾಡುತ್ತಿದ್ದವರು, ಹಣೆ ಗಂಟಿಕ್ಕದೆ ಎಂಥ ಕಗ್ಗಂಟನ್ನೂ ಬಿಡಿಸುವವರು. ಅವರು ಸೀಲಿಂಗನ್ನು ನೋಡಿದರು, ಮೈಕನ್ನು ನೋಡಿದರು, ಕಾಫಿ ಕುಡಿದರು. "ಪುಣ್ಯಾಹ ಮಾಡಿದರೆ ಆಯ್ತು, ಅಷ್ಟಕ್ಕೆಲ್ಲ ಯಾಕೆ ಗಾಬರಿ? ಯಂತ್ರದಿಂದ ಬರೋ ದನಿಗೆ ಮುತ್ತೈದೆತನವೂ ಇಲ್ಲ, ವೈಧವ್ಯವೂ ಇಲ್ಲ. ರೇಡಿಯೋದಲ್ಲಿ ಸುಪ್ರಭಾತ ಹೇಳೋರ ಗಂಡ ಇದ್ದಾನೋ ಇಲ್ವೋ ಅಂತ ಯಾರು ಕೇಳ್ತಾರೆ? ಮನುಷ್ಯರು ಎದುರಿಗೆ ಬರಬಾರದು, ಅಷ್ಟೇ" ಅಂದರು.

ಭಾವನ ಮುಖ ಅರಳಿದ್ದನ್ನು ನಾನು ನೋಡಿದೆ. ಹೊಸ ಮನೆಯಲ್ಲಿ ಕಿಂಡಿ ಇಲ್ಲ, ಸೋಬಾನೆ ಎತ್ತಿಕೊಡುವವರು ಯಾರು ಎಂಬ ಚಿಂತೆ ಮನೆಯಲ್ಲಿ ಇದ್ದೇ ಇತ್ತು. ಅದಕ್ಕೆ ಈಗ ಶಾಸ್ತ್ರದ ಒಪ್ಪಿಗೆ ಸಿಕ್ಕಂತಾಯಿತು. ಮಾರನೆಯ ದಿನವೇ ಖಾಲಿ ಕ್ಯಾಸೆಟ್ಟು ಬಂತು.

ಕೋಣೆಯ ಬಾಗಿಲು ಹಾಕಿಕೊಂಡು ದೊಡ್ಡವ್ವನ ಪದಗಳನ್ನು ಕ್ಯಾಸೆಟ್ಟಿಗೆ ಹಿಡಿದರು. ನೀರು ತಂದುಕೊಡಲು ನಾನು ಒಳಗೇ ಇದ್ದೆ. ಬಾಗಿಲ ಪದ, ಗಂಗೆಯ ಪದ, ಹಾಲುಕ್ಕಿಸುವ ಪದ ಒಂದಾದ ಮೇಲೊಂದು. ಅವಳು ಒಂದು ಸಾಲು ಹೇಳಿ ಸುಮ್ಮನಾಗುವಳು, ಮತ್ತೆ ಮುಂದಿನ ಸಾಲು. ಭಾವನಿಗೆ ತಾಳ್ಮೆ ಕೆಟ್ಟಿತು.

"ಮಧ್ಯ ಮಧ್ಯ ಯಾಕ್ ನಿಲ್ಲುಸ್ತೀಯ ದೊಡ್ಡವ್ವ? ರೀಲ್ ದಂಡ."

"ಅವ್ರು ಯೋಳ್ಬ್ಯಾಡ್ವಾ ಮಗ? ನಾನ್ ಎತ್ಕೊಟ್ರೆ ತಾನೇ ಅವ್ರು ಇಡ್ಯಾದು. ಅವ್ರಿಗೆ ಜಾಗ ಬುಡ್ಬೇಕು."

ಎದುರಿಗೆ ಯಾರೂ ಇಲ್ಲ, ಬರಿಯ ಗೋಡೆ. ಇಲ್ಲದ ಹೆಂಗಸರ ಬಾಯಿಗೆ ಜಾಗ ಬಿಟ್ಟು, ಅವರು ಹೇಳಿ ಮುಗಿಸುವಷ್ಟು ಹೊತ್ತು ತಲೆಯಾಡಿಸುತ್ತ ಕಾಯುತ್ತಿದ್ದಳು. ಎಲ್ಲ ಮುಗಿದ ಮೇಲೆ ಭಾವ ಸ್ವಲ್ಪ ತಿರುಗಿಸಿ ಕೇಳಿಸಿದರು. ತನ್ನ ದನಿ ಕೇಳಿ ದೊಡ್ಡವ್ವ ಹುಡುಗಿಯ ಹಾಗೆ ಸೆರಗು ಬಾಯಿಗಿಟ್ಟುಕೊಂಡಳು. ಸಂತೋಷದಲ್ಲಿದ್ದಾಗ ಕೇಳಿಬಿಡೋಣವೆಂದು ಕೇಳಿದಳು:

"ಮಗಾ, ಈ ಡಬ್ಬಗಳ್ನ ಯಾವಾಗ ಎತ್ತುಸ್ತೀಯ? ನನ್ ಟ್ರಂಕು ತಂದ್ ಮಡಿಕಬೇಕಲ್ಲ."

"ಗೃಹಪ್ರವೇಶ ಆಗ್ಲಿ ಇರು."

"ಆಗ್ಲಿ ಬುಡು. ಇಷ್ಟ್ ದಿನ ಕಾದಿಲ್ವಾ."

ಅದಾದ ಮೇಲೆ ಬಡಗಿ ಬಂದ. ಕೋಣೆಯ ಉದ್ದಕ್ಕೂ ತೇಗದ ಹಲಗೆಯಲ್ಲಿ ಆಂಪ್ಲಿಫೈಯರಿಗೆ ಗೂಡು, ಡೆಕ್ಕಿಗೆ ಗೂಡು, ಕ್ಯಾಸೆಟ್ಟು ಜೋಡಿಸಲು ಖಾನೆಗಳು ಎದ್ದವು. ಗಾಳಿಯಾಡದಿದ್ದರೆ ಮಿಷನ್ನು ಕಾದು ಸುಟ್ಟುಹೋಗುತ್ತದೆ ಎಂದು ಸ್ಪೀಕರಿನವನು ಹೇಳಿದ್ದರಿಂದ ಒಂದು ಫ್ಯಾನು ಹಾಕಿದರು. ಪುಟ್ಟ ಕಿಟಕಿಗೆ ಪರದೆ ಬಂತು. ದೊಡ್ಡವ್ವನಿಗೆಂದು ಯಾರೂ ಕೊಡದ ಸುಖವೆಲ್ಲ ಆ ಪೆಟ್ಟಿಗೆಗೆ ಸಿಕ್ಕಿತು. ಕೊನೆಗೆ ಬಡಗಿ ಬಾಗಿಲ ಹಿಂದಿನ ಮೊಳೆ ಕಿತ್ತು, ಹೊರಗಡೆಗೆ ಬೀಗದ ಚಿಲಕ ಜಡಿದ.

ದೊಡ್ಡವ್ವ ಚಿಲಕವನ್ನು ಮುಟ್ಟಿ ನೋಡಿದಳು. "ವೊರಗ್ನಿಂದ ಬೀಗ ಆಕ್ದ್ರೆ ನಾನ್ ಒಳಗಿಂದ ಎಂಗ್ ಬರ್ಲಿ?" ಎಂದು ಬಡಗಿಯನ್ನು ಕೇಳಿದಳು. ಬಡಗಿ ಅತ್ತೆಯ ಮುಖ ನೋಡಿದ.

ಅತ್ತೆಯ ದನಿ ಬೆಣ್ಣೆಯಂತಾಯಿತು. ಓರಗಿತ್ತಿಯನ್ನು ಅಕ್ಕ ಎಂದು ಅವರು ಕರೆಯುತ್ತಿದ್ದುದು ಇಂಥ ಹೊತ್ತಿನಲ್ಲೇ. "ಅಕ್ಕಾ, ರಾತ್ರಿ ಒತ್ತು ಕಣ್ ಕಾಣ್ದೆ ಯಾವ್ದಾರ ವೈರ್ ಮುಟ್ಬುಟ್ರೆ ಏನ್ ಗತಿ? ನಿನ್ ವೊಳ್ಳೇದಕ್ಕೇ ಯೋಳೋದು. ಕಾರ್ ಶೆಡ್ಡೇ ಬೆಚ್ಚಗದೆ ನಿಂಗೆ. ಕಾರು ಬರೋಗಂಟ ಆರಾಮಾಗಿರು."

ದೊಡ್ಡವ್ವ ಭಾವನ ಕಡೆ ತಿರುಗಿದಳು. ಅವರು ಜೇಬಿನಿಂದ ಬೀಗ ತೆಗೆದು, ಕೀಲಿ ಸರಿಯಾಗಿ ತಿರುಗುತ್ತದೆಯೇ ಎಂದು ನೋಡುತ್ತಿದ್ದರು. ಮಾವ ಹೊರಗೆ ಹೋಗಿ ಬೀಡಿ ಹಚ್ಚಿದರು. ನನ್ನ ಗಂಡ ಹಸು ನೋಡುವ ನೆವ ತೆಗೆದ. ಆ ಮನೆಯ ಗಂಡಸರಿಗೆ ಇಂಥ ಹೊತ್ತಿನಲ್ಲಿ ಹಸುವಿನ ನೆನಪು ತಪ್ಪದೆ ಬರುತ್ತಿತ್ತು. ಹೊಳೆ ದಾಟಿಸಿದ ಅಂಬಿಗನನ್ನು ಮರೆಯುವವರು ಬೇಕಾದಷ್ಟು ಜನ ಇದ್ದಾರೆ. ಇವರು ದಾಟುವಾಗಲೇ ಅಂಬಿಗನನ್ನು ನೀರಿಗೆ ತಳ್ಳಿದರು. ನಾನೇ ಬಾಯಿಬಿಟ್ಟು, "ಭಾವ, ಮಾತು ಕೊಟ್ಟಿದ್ರಲ್ಲ ನೀವು" ಅಂದೆ. "ನೀನ್ ಒಳಕ್ಕೋಗಮ್ಮ" ಅಂದರು, ಅಷ್ಟೇ. ದೊಡ್ಡವ್ವನೂ ನನ್ನ ಮೇಲೇ ರೇಗಿದಳು: "ನನ್ ಮಗುಂಗೂ ನಂಗೂ ಇರೋದು, ನೀನ್ಯಾವಳೇ ಮಧ್ಯ? ಗೃಹಪ್ರವೇಶ ಆಗ್ಲಿ ಅಂತ ಅವ್ನು ಯೋಳಿಲ್ವಾ?"

ಗೃಹಪ್ರವೇಶದ ದಿನ ಬೆಳಗಾಗುವ ಹೊತ್ತಿಗೆ ನಾನು ಮುಟ್ಟಾದೆ. ಬೇಕೆಂದೇ ಮಾಡಿಕೊಂಡೆ ಅನ್ನುವ ಹಾಗೆ ಅತ್ತೆ ನನ್ನನ್ನು ನೋಡಿದರು. ಹೊಸ ಸೀರೆ ಉಟ್ಟವಳನ್ನು ಹಾಗೆಯೇ ಕಾರ್ ಶೆಡ್ಡಿಗೆ ಅಟ್ಟಿದರು. ಅಲ್ಲಿ ದೊಡ್ಡವ್ವ ತನ್ನ ಟ್ರಂಕಿನ ಮೇಲೆ ಕೂತಿದ್ದಳು. ಅವಳಿಗೂ ಹೊಸ ಸೀರೆ ಕೊಟ್ಟಿದ್ದರು, ಉಟ್ಟುಕೊಂಡು ಶೆಡ್ಡಿನೊಳಗೇ ಇರಬೇಕೆಂದು ಹೇಳಿ. ಟ್ರಂಕಿಗೆ ಹಗ್ಗ ಕಟ್ಟಿ, ಚಾಪೆ ಸುತ್ತಿಟ್ಟು ಸಿದ್ಧಳಾಗಿದ್ದಳು.

"ಅವರೆಲ್ಲ ಉಂಡೆದ್ದ ಮ್ಯಾಲೆ ಬಂದು ಕರಿತಾನೆ" ಅಂದಳು.

ಶೆಡ್ಡಿನ ಬಾಗಿಲ ಸಂದಿಯಿಂದ ಪೋರ್ಟಿಕೋ ಕಾಣುತ್ತಿತ್ತು, ಅಡುಗೆಮನೆಯ ಕಿಟಕಿಯಿಂದ ಒಳಗಿನ ಸದ್ದು ಕೇಳುತ್ತಿತ್ತು. ಹಸು ಕರು ಒಳಗೆ ಹೋದವು. ಗಂಗೆ ಬಂತು. ಕಟ್ ಅಂತ ಒಂದು ಸದ್ದಾಗಿ ದೊಡ್ಡವ್ವನ ದನಿ ಶುರುವಾಯಿತು. ಮುತ್ತೈದೆಯರು ಮೊದಲು ತಬ್ಬಿಬ್ಬಾದರು, ಆಮೇಲೆ ಅವಳು ಜಾಗ ಬಿಟ್ಟಲ್ಲೆಲ್ಲ ಸರಿಯಾಗಿ ಸೊಲ್ಲು ಹಿಡಿದರು. ನಗು ಕೇಳಿತು. "ದೊಡ್ಡವ್ವನ್ ದನಿ ಕಣೆ, ವೊಳ್ಳೆ ಅಟ್ಟದ್ ಮ್ಯಾಲೆ ಕೂತ್ಕಂಡು ಯೋಳ್ದಂಗದೆ!" ಎಂದು ಯಾರೋ ಅಂದರು. ದೊಡ್ಡವ್ವ ನನ್ನ ತೊಡೆಗೆ ತಿವಿದು, "ನೋಡ್ದಾ, ಅಳತೆಗ್ ಸರ್ಯಾಗಿ ಬುಟ್ಟಿವ್ನಿ" ಅಂದಳು. ಅಷ್ಟು ಹೆಮ್ಮೆ ಅವಳ ಮುಖದಲ್ಲಿ ನಾನು ನೋಡಿದ್ದು ಅವತ್ತೇ.

ಹಾಲಿಟ್ಟರು. ಹಾಲುಕ್ಕುವ ಪದ ಬಂತು. "ಒಲೆಮ್ಯಾಲೆ ಇಟ್ಟಾಲು ಓಲಾಡಿ ಬಂದಾವು" ಎಂದು ಸೂರು ಹೇಳಿತು. ಮುತ್ತೈದೆಯರು ಅದನ್ನು ಹಿಡಿದು ಹೇಳಿ ಮುಗಿಸಿದರು, ಮುಂದಿನ ಸಾಲಿಗೆ ಕಾದರು. ಕರೆಂಟು ಹೋಯಿತು.

ಒಳಗೆ ಹಾಲು ಮೇಲೆ ಬರುತ್ತಿದೆ, ಮುಂದಿನ ಸಾಲು ಒಬ್ಬರಿಗೂ ಬಾರದು. ಪದವಿಲ್ಲದೆ ಹಾಲುಕ್ಕಿದರೆ ಅದು ಉಕ್ಕಿದ ಲೆಕ್ಕವಲ್ಲ ನಮ್ಮಲ್ಲಿ. "ಏಯ್, ಮುಂದಕ್ ಯೋಳ್ರೇ" ಎಂದು ಯಾರೋ ಗದರಿದ್ದು ಕೇಳಿತು. ದೊಡ್ಡವ್ವ ಟ್ರಂಕಿನಿಂದ ಎದ್ದೇಬಿಟ್ಟಳು. ಯೋಚನೆ ಮಾಡಿ ಎದ್ದದ್ದಲ್ಲ. ಮಗು ಅತ್ತರೆ ಏಳುತ್ತಾರಲ್ಲ, ಹಾಗೆ. ಶೆಡ್ಡಿನ ಬಾಗಿಲಿಗೆ ಬಾಯಿ ಕೊಟ್ಟು ಗಂಟಲೆತ್ತಿದಳು: "ಒಡತೀಯ ಕರೆಯೀರೋ ಒಳಗೀಕೆ..."

ಒಳಗೆ ಇಬ್ಬರೋ ಮೂವರೋ ಹಳೇ ರೂಢಿಯ ಮೇಲೆ ಸೊಲ್ಲು ಹಿಡಿದರು. ಅಷ್ಟರಲ್ಲಿ ಅತ್ತೆ ಕಿಟಕಿಗೆ ಬಂದಿದ್ದರು. ಕುಂಕುಮ, ಹೂವು, ಒಡವೆ ಎಲ್ಲ ಹೇರಿಕೊಂಡು ಲಕ್ಷ್ಮಿಯ ಹಾಗೆ ಕಾಣುತ್ತಿದ್ದರು.

"ಬಾಯ್ ಮುಚ್ಚಮ್ಮಿ! ಕರೆಂಟು ಬತ್ತದೆ."

ದೊಡ್ಡವ್ವ ಬಾಯಿ ಮುಚ್ಚಿದಳು. ನಾನು ಎದ್ದೆ. ಅವಳು ನನ್ನ ಸೆರಗು ಹಿಡಿದು ಜಗ್ಗಿ ಕೂರಿಸಿ, "ಮುಟ್ಟಾಗಿ ಎಲ್ಲಿಗೋದೀಯ, ಕೂತ್ಕೊ" ಅಂದಳು. ಒಳಗೆ ಆ ಹೆಂಗಸರೆಲ್ಲ, ಪದ ಹೇಳುವವಳು ಕೂಗಳತೆಯಲ್ಲಿ ಇದ್ದಾಳೆಂದು ಗೊತ್ತಿದ್ದೂ, ಸೂರಿನ ಬಿಲ್ಲೆಗಳನ್ನು ನೋಡುತ್ತ ನಿಂತರಂತೆ. ಹಾಲು ಸುಮ್ಮನೆ ಉಕ್ಕಿತು. ಒಲೆಯ ಮೇಲೆ ಚುಂಯ್ ಎಂದದ್ದು ನಮಗೂ ಕೇಳಿತು.

ಕರೆಂಟು ಬಂದಾಗ ಹಾಲು ಪಾತ್ರೆಯಲ್ಲಿ ಇಳಿದಾಗಿತ್ತು. ಟೇಪು ಮೊದಲು ಗೊಗ್ಗರು ದನಿಯಲ್ಲಿ ಎಳೆದು, ಆಮೇಲೆ ಸರಿಹೋಗಿ, ಒಡತಿಯನ್ನು ಒಳಗೆ ಕರೆಯಿರಿ ಎಂದು ಹೇಳಿತು. ಮುತ್ತೈದೆಯರು ಈಗ ಧೈರ್ಯವಾಗಿ ಹಿಡಿದರು.

ಸ್ವಲ್ಪ ಹೊತ್ತಿಗೆ ತಡವಾಗಿ ಬಂದ ನೆಂಟರು ಪೋರ್ಟಿಕೋದಲ್ಲಿ ಕಾಲು ತೊಳೆಯಲು ನಿಂತರು. ಕೆ.ಆರ್. ಪೇಟೆ ಕಡೆಯವರು, ವರ್ಷಗಟ್ಟಲೆ ಈ ಕಡೆ ಬಾರದವರು. ಭಾವ ಚೊಂಬು ಹಿಡಿದು ಎದುರುಗೊಂಡರು. ತಲೆಯ ಮೇಲೆ ಐದನೇ ಸ್ಪೀಕರು ಹಾಡುತ್ತಿತ್ತು. ಅವರಲ್ಲಿ ಹಿರಿಯಳೊಬ್ಬಳು ತಲೆ ಎತ್ತಿ ಕೇಳಿ ಕಣ್ಣೊರೆಸಿಕೊಂಡಳು.

"ನಿಮ್ ದೊಡ್ಡವ್ವನ್ ದನಿ ಅಲ್ವಾ ಮಗ? ಪಾಪ, ಯಾವಾಗ ತೀರ್ಕಂಡ್ಲು? ನಮ್ಗ್ ಮಾತೇ ಮುಟ್ನಿಲ್ವಲ್ಲ. ದನಿನಾದ್ರೂ ಇಡ್ದು ಮಡಿಕಂಡಿದೀಯ, ಪುಣ್ಯವಂತ."

ಭಾವ ನಮ್ಮ ಶೆಡ್ಡಿನ ಕಡೆ ಒಮ್ಮೆ ನೋಡಿದರು. ಬಾಗಿಲ ಸಂದಿಯಲ್ಲಿ ದೊಡ್ಡವ್ವನ ಮುಖ ಇತ್ತು. ಅವರಿಗೆ ಕಂಡಿರಲೇಬೇಕು. "ಬನ್ನಿ, ಬನ್ನಿ, ಎಲೆ ಆಕ್ಬುಟ್ಟವ್ರೆ" ಎಂದು ಅವರನ್ನು ಒಳಗೆ ಕರೆದುಕೊಂಡು ಹೋದರು.

ದೊಡ್ಡವ್ವ ಟ್ರಂಕಿನ ಮುಂದೆ ಕುಕ್ಕರಗಾಲಲ್ಲಿ ಕೂತು ಹಗ್ಗ ಬಿಚ್ಚತೊಡಗಿದಳು. ಗಂಟು ಬಿಗಿಯಾಗಿತ್ತು, ಹಲ್ಲಿನಲ್ಲಿ ಕಚ್ಚಿ ಎಳೆದಳು. ಹೊಸ ಸೀರೆಯನ್ನು ಸುಲಿದು ಮಡಿಸಿ ಒಳಗಿಟ್ಟು, ನೀರು ಹೊಡೆಯುವಾಗ ಉಡುತ್ತಿದ್ದ ಸಿಮೆಂಟಿನ ಕಲೆಯ ಸೀರೆಯನ್ನೇ ಉಟ್ಟಳು. ನಾನು ಅಳುತ್ತಿದ್ದೆ. ಅವಳು ಅಳಲಿಲ್ಲ.

"ಓಗ್ಲಿ ಬುಡು ಮಗ," ಅಂದಳು, "ಸತ್ತೋಳ್ಗಾದ್ರೂ ಒಂದು ಕ್ವಾಣೆ ಕೊಟ್ಟವ್ನೆ."

ಆಮೇಲೆ ಮೂಲೆಯಲ್ಲಿದ್ದ ಚೊಂಬು ಎತ್ತಿಕೊಂಡು, ಒಂದು ಕೈಯಲ್ಲಿ ಗೋಡೆ ಹಿಡಿದು, ಮಂಡಿ ಎಳೆಯುತ್ತ ಕಬ್ಬಿನ ಗದ್ದೆಯ ಕಡೆ ಹೊರಟಳು.